ಹಸುಗಳ ಕಾಲಡಿಯಲ್ಲಿ ಮೂರಡಿ ಎರೆಹುಳು

(ಆಸ್ಟ್ರೇಲಿಯಾದ ಹೈನುಗಾರರ ನೆಲದಲ್ಲಿ ಉಳಿದಿರುವ ಅಪರೂಪದ ಜೀವಿ, ಅದನ್ನು ಪತ್ತೆ ಮಾಡುವ ಹಾಗೂ ಉಳಿಸುವ ಕ್ರಮ)



ಎರೆಹುಳು ರೈತನ ಮಿತ್ರ ಎಂಬುದು ನಮಗೆಲ್ಲರಿಗೂ ತಿಳಿದ ಮಾತು. ತಿಪ್ಪೆಯ ಅಡಿ ಮಣ್ಣು ಕೆದಕಿದಾಗ, ಮುಂಗಾರಿನ ಮೊದಲ ಮಳೆಗಳ ನಂತರ ಬದುವಿನ ಪಕ್ಕದಲ್ಲಿ, ತೋಟದ ಕಾಲುವೆಯ ಅಂಚಿನಲ್ಲಿ ನಾವು ಅದನ್ನು ನೋಡಿಯೇ ಇರುತ್ತೇವೆ. ಸಾಮಾನ್ಯವಾಗಿ ಬೆರಳುದ್ದ, ಹೆಚ್ಚೆಂದರೆ ಗೇಣುದ್ದ ಇರುತ್ತದೆ. ಆದರೆ ಮೂರು ಅಡಿಗೂ ಮಿಕ್ಕಿ ಉದ್ದವಿರುವ, ಹೆಬ್ಬೆರಳಿನಷ್ಟು ದಪ್ಪನಾದ, ಸುಮಾರು 200 ಗ್ರಾಂ ತೂಗುವ ಎರೆಹುಳುವೂ ಈ ಭೂಮಿಯ ಮೇಲೆ ಇದೆ. ಅದು ವಾಸ ಮಾಡುತ್ತಿರುವುದು ದಟ್ಟ ಕಾಡಿನಲ್ಲಲ್ಲ, ನಮ್ಮ ನಿಮ್ಮಂತಹ ಹಾಲು ಉತ್ಪಾದಕರ ಹುಲ್ಲುಗಾವಲಿನ ಅಡಿಯಲ್ಲಿ.

ಆಸ್ಟ್ರೇಲಿಯಾ ದೇಶದ ವಿಕ್ಟೋರಿಯಾ ರಾಜ್ಯದಲ್ಲಿರುವ ಗಿಪ್ಸ್‌ಲ್ಯಾಂಡ್ ಎಂಬ ಪ್ರದೇಶ ಇದರ ನೆಲೆ. ಹಾಗಾಗಿ ಇದನ್ನು ಗಿಪ್ಸ್‌ಲ್ಯಾಂಡ್ ದೈತ್ಯ ಎರೆಹುಳು ಎಂದು ಕರೆಯುತ್ತಾರೆ. ವಿಜ್ಞಾನಿಗಳು ಕೊಟ್ಟ ಹೆಸರು ಮೆಗಾಸ್ಕೋಲೈಡಿಸ್ ಆಸ್ಟ್ರಾಲಿಸ್. ಪ್ರಪಂಚದ ಬೇರೆ ಯಾವ ಭಾಗದಲ್ಲಿಯೂ ಇದು ಸಿಗುವುದಿಲ್ಲ. ಇದರ ಅಳಿವು ಉಳಿವು ಬಹುಮಟ್ಟಿಗೆ ಹಸು ಸಾಕುವವರ ತೀರ್ಮಾನಗಳನ್ನೇ ಅವಲಂಬಿಸಿದೆ. ಆದುದರಿಂದ ಈ ವಿಷಯ ನಮ್ಮ ಸದಸ್ಯರ ಗಮನಕ್ಕೂ ಬರುವುದು ಒಳ್ಳೆಯದು.

ಎಲ್ಲಿದೆ ಈ ನಾಡು?

ಮೆಲ್ಬೋರ್ನ್ ನಗರದ ಆಗ್ನೇಯಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಲಾಕ್, ಕೊರುಂಬರ, ವಾರಗುಲ್ ಎಂಬ ಪಟ್ಟಣಗಳು ಸಿಗುತ್ತವೆ. ಇವುಗಳ ನಡುವಿನ ಬಾಸ್ ನದಿಯ ಕಣಿವೆಯೂ ಅದರ ಸುತ್ತಲಿನ ಗುಡ್ಡಗಳೂ ಈ ಹುಳುವಿನ ಸೀಮೆ. ಒಟ್ಟು ವಿಸ್ತೀರ್ಣ ಸುಮಾರು 40,000 ಹೆಕ್ಟೇರ್, ಅಂದರೆ ಒಂದು ಲಕ್ಷ ಎಕರೆಯಷ್ಟು. ಇಷ್ಟು ಜಾಗದಲ್ಲೆಲ್ಲಾ ಹುಳು ಇದೆ ಎಂದು ತಿಳಿಯಬಾರದು. ಇಲ್ಲೊಂದು ಹಳ್ಳದ ದಡ, ಅಲ್ಲೊಂದು ಒರತೆಯ ಇಳಿಜಾರು, ಹೀಗೆ ಚೂರು ಚೂರಾಗಿ ಹಂಚಿಹೋಗಿದೆ. ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ನಡುವೆ ಹುಳುವೇ ಇಲ್ಲದ ಒಣ ನೆಲ ಇರುತ್ತದೆ.

ಒಂದು ಕಾಲಕ್ಕೆ ಇಲ್ಲಿ ಮುಗಿಲು ಮುಟ್ಟುವ ನೀಲಗಿರಿ ಜಾತಿಯ ಮರಗಳ ದಟ್ಟ ಕಾಡು ಇತ್ತು. 1870ರ ದಶಕದಿಂದ ಮುಂದೆ ಬಿಳಿಯರು ಬಂದು ನೆಲೆಸಿ, ಕಾಡು ಕಡಿದು, ಹುಲ್ಲು ಬಿತ್ತಿ, ಹೈನುಗಾರಿಕೆ ಆರಂಭಿಸಿದರು. ಇಂದು ಅಲ್ಲಿ ನೂರಾರು ಹಸುಗಳ ಹಿಂಡುಗಳು ಮೇಯುತ್ತವೆ. ನಮ್ಮಲ್ಲಿ ಎಚ್.ಎಫ್. ಎಂದು ಕರೆಯುವ ಕಪ್ಪು ಬಿಳುಪಿನ ಹಸುಗಳೇ ಹೆಚ್ಚು. ಕಾಡು ಹೋದರೂ ತೇವ ಉಳಿದ ಕಡೆಗಳಲ್ಲಿ ಹುಳು ಬದುಕಿಕೊಂಡಿತು. ತೇವ ಹೋದ ಕಡೆ ಹುಳುವೂ ಹೋಯಿತು.

ಹೊರಗಿನ ಜನಕ್ಕೆ ಇದರ ಪರಿಚಯವಾದದ್ದು ರೈಲು ಮಾರ್ಗಕ್ಕೆ ಅಳತೆ ಮಾಡಲು ಹೋದವರಿಂದ ಎನ್ನಲಾಗಿದೆ. ಮೊದಲು ನೋಡಿದವರು ಇದನ್ನು ಹಾವಿನ ಜಾತಿ ಎಂದು ಭಾವಿಸಿದರಂತೆ. 1878ರಲ್ಲಿ ಮೆಲ್ಬೋರ್ನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರೆಡೆರಿಕ್ ಮೆಕಾಯ್ ಇದನ್ನು ಪರೀಕ್ಷಿಸಿ, ಎರೆಹುಳುವೇ ಹೌದೆಂದು ವಿವರಿಸಿ ಹೆಸರಿಟ್ಟರು. ಅಲ್ಲಿನ ಮೂಲನಿವಾಸಿಗಳಿಗೆ ಇದು ಮೊದಲೇ ಗೊತ್ತಿತ್ತು. ಅವರು ಇದನ್ನು ಕರ್ಮಾಯ್ ಎಂದು ಕರೆಯುತ್ತಿದ್ದರು. ಕೊರುಂಬರ ಪಟ್ಟಣದಲ್ಲಿ ಅದೇ ಹೆಸರಿನಲ್ಲಿ ಹಲವು ವರ್ಷ ಉತ್ಸವವೂ ನಡೆಯಿತು.

ಹುಳುವಿನ ಬಾಳುವೆ

ಈ ಹುಳುವಿನ ತಲೆಯ ಭಾಗ ಕಡು ನೇರಳೆ ಬಣ್ಣ. ಉಳಿದ ಮೈ ಬೂದು ಮಿಶ್ರಿತ ತಿಳಿಗೆಂಪು. ಸುಮಾರು ಒಂದು ಮೀಟರ್ ಉದ್ದ, ಎರಡು ಸೆಂಟಿಮೀಟರ್ ದಪ್ಪ ಸಾಮಾನ್ಯ ಅಳತೆ. ಮೈಯನ್ನು ಹಿಗ್ಗಿಸಿದರೆ ಇನ್ನೂ ಉದ್ದವಾಗುತ್ತದೆ. ನೀಲಿ ಬೂದು ಬಣ್ಣದ ಜೇಡಿಮಣ್ಣಿನಲ್ಲಿ, ಒಂದೂವರೆ ಮೀಟರ್ ಆಳದವರೆಗೂ ಬಿಲ ಮಾಡಿಕೊಂಡು ಇರುತ್ತದೆ. ಬೇರಿನ ತುಂಡು, ಕೊಳೆತ ಸಸ್ಯಾಂಶ, ಮಣ್ಣಿನೊಳಗಿನ ಶಿಲೀಂಧ್ರ ಇದರ ಆಹಾರ. ನಮ್ಮ ಹೊಲದ ಹುಳುಗಳ ಹಾಗೆ ಇದು ನೆಲದ ಮೇಲೆ ಹಿಕ್ಕೆ ಹಾಕುವುದಿಲ್ಲ, ಬಿಲದೊಳಗೇ ಹಾಕುತ್ತದೆ. ಮೇಲಕ್ಕೆ ಬರುವುದೂ ಬಹಳ ಅಪರೂಪ. ಭಾರಿ ಮಳೆ ಬಂದು ಬಿಲ ಮುಳುಗಿದಾಗ ಮಾತ್ರ ಕೆಲವೊಮ್ಮೆ ಕಾಣಿಸುತ್ತದೆ.

ಬಿಲದ ಗೋಡೆ ವರ್ಷವಿಡೀ ಒದ್ದೆಯಾಗಿರಬೇಕು. ಹುಳು ಉಸಿರಾಡುವುದು ಚರ್ಮದ ಮೂಲಕ; ಚರ್ಮ ಒಣಗಿದರೆ ಉಸಿರು ನಿಲ್ಲುತ್ತದೆ. ಈ ಕಾರಣದಿಂದಲೇ ಇದು ಹಳ್ಳಗಳ ದಡದಲ್ಲಿ, ಒರತೆ ಜಿನುಗುವ ಜಾಗದಲ್ಲಿ, ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹೆಚ್ಚಾಗಿ ಸಿಗುತ್ತದೆ. ಆಸ್ಟ್ರೇಲಿಯಾ ಭೂಮಧ್ಯರೇಖೆಯ ಕೆಳಗಿರುವುದರಿಂದ ಅಲ್ಲಿ ಬಿಸಿಲು ಹೆಚ್ಚು ಬೀಳುವುದು ಉತ್ತರದ ಇಳಿಜಾರಿಗೆ. ದಕ್ಷಿಣದ ಇಳಿಜಾರು ತಂಪಾಗಿರುತ್ತದೆ.

ಸಂತಾನದ ವಿಷಯದಲ್ಲಿ ಇದು ತೀರಾ ನಿಧಾನ. ಅಲ್ಲಿನ ವಸಂತ ಕಾಲವಾದ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ, ನೆಲದಿಂದ ಸುಮಾರು ಒಂದು ಗೇಣು ಆಳದಲ್ಲಿ, ಬಿಲಕ್ಕೆ ಹೊಂದಿಕೊಂಡ ಪುಟ್ಟ ಗೂಡಿನಲ್ಲಿ ಜೇನುಬಣ್ಣದ ಮೊಟ್ಟೆಕೋಶವನ್ನು ಇಡುತ್ತದೆ. ಒಂದು ಕೋಶದಲ್ಲಿ ಒಂದೇ ಮರಿ. ಅದು ಹೊರಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಹೊರಬಂದಾಗಲೇ ಮರಿ ಗೇಣುದ್ದ ಇರುತ್ತದೆ. ಅದು ಬೆಳೆದು ತಾನೂ ಸಂತಾನ ಪಡೆಯುವ ಹಂತಕ್ಕೆ ಬರಲು ಸುಮಾರು 5 ವರ್ಷ ಹಿಡಿಯುತ್ತದೆ.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಹೆಣ್ಣು ಕರು ಹುಟ್ಟಿ, ಬೆಳೆದು, ಎರಡು ಮೂರು ಸೂಲು ಹಾಲು ಕೊಡುವಷ್ಟು ಕಾಲದಲ್ಲಿ ಈ ಹುಳು ಇನ್ನೂ ಪ್ರಾಯಕ್ಕೇ ಬಂದಿರುವುದಿಲ್ಲ. ಒಂದು ದಿನ ಯಂತ್ರ ಓಡಿಸಿ ಒಂದು ಗುಂಪನ್ನು ನಾಶ ಮಾಡಿದರೆ, ಅಲ್ಲಿ ಹುಳು ಮತ್ತೆ ತುಂಬಿಕೊಳ್ಳಲು ಒಂದು ತಲೆಮಾರು ಸಾಲದು. ಪಕ್ಕದ ಗುಂಪಿನಿಂದ ಬಂದು ಸೇರಿಕೊಳ್ಳೋಣವೆಂದರೆ ನಡುವೆ ಒಣ ನೆಲ ಇದೆ. ಅದನ್ನು ದಾಟುವ ಶಕ್ತಿ ಈ ಹುಳುವಿಗೆ ಇಲ್ಲ.

ಸಮೀಕ್ಷೆ ಮಾಡುವುದು ಹೇಗೆ?

ಹಕ್ಕಿಯನ್ನು ಕಣ್ಣಿನಿಂದ ಎಣಿಸಬಹುದು, ಹುಲಿಯನ್ನು ಹೆಜ್ಜೆ ಗುರುತಿನಿಂದ ಪತ್ತೆ ಮಾಡಬಹುದು. ಮಣ್ಣಿನ ಅಡಿಯಲ್ಲೇ ಬದುಕಿ ಮಣ್ಣಿನ ಅಡಿಯಲ್ಲೇ ಸಾಯುವ ಹುಳುವನ್ನು ಎಣಿಸುವುದು ಹೇಗೆ? ಅಗೆದು ನೋಡಬೇಕು. ಅಗೆದರೆ ಹುಳು ತುಂಡಾಗುತ್ತದೆ. ತುಂಡಾದ ಎರೆಹುಳು ಎರಡು ಹುಳುವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇದೆ. ಈ ಹುಳುವಿಗೆ ಅದು ಖಂಡಿತ ಸಲ್ಲದು. ಮೈ ಬಹಳ ಮೃದು. ಬಿಲದಿಂದ ಎಳೆದರೂ ಹರಿದು ಸಾಯುತ್ತದೆ. ಹಾಗಾಗಿ ಸಮೀಕ್ಷೆಯನ್ನು ಹಂತ ಹಂತವಾಗಿ ಮಾಡುತ್ತಾರೆ. ಗುದ್ದಲಿ ಹಿಡಿಯುವುದು ಕೊನೆಯ ಹಂತ.

1. ನಕ್ಷೆ ನೋಡುವುದು: ಮಣ್ಣಿನ ಬಗೆ, ಹಳ್ಳದ ಹರಿವು, ಇಳಿಜಾರಿನ ದಿಕ್ಕು, ಒರತೆಗಳ ಜಾಗ ಇವನ್ನು ನಕ್ಷೆಯಲ್ಲಿ ಗುರುತಿಸಿ, ಹುಳು ಇರಬಹುದಾದ ತಾಣಗಳನ್ನು ಮೊದಲೇ ಆರಿಸಿಕೊಳ್ಳುತ್ತಾರೆ. ಹಳ್ಳದಿಂದ 40 ಮೀಟರ್ ಒಳಗಿನ ದಡಕ್ಕೆ ವಿಶೇಷ ಗಮನ ಕೊಡುತ್ತಾರೆ.

2. ರೈತರನ್ನು ವಿಚಾರಿಸುವುದು: ಬೇಲಿ ಕಂಬಕ್ಕೆ ಗುಳಿ ತೋಡಿದಾಗ, ಕಾಲುವೆ ಕಡಿದಾಗ, ಹೊಂಡ ತೆಗೆದಾಗ ಹುಳುವನ್ನು ಮೊದಲು ಕಂಡಿರುವವನು ಜಮೀನಿನ ಮಾಲೀಕನೇ. ಅಜ್ಜನ ಕಾಲದಲ್ಲಿ ಎಲ್ಲಿತ್ತು, ಈಗ ಎಲ್ಲಿಲ್ಲ ಎಂಬುದನ್ನು ಹೇಳಬಲ್ಲವನೂ ಅವನೇ. ವಿಜ್ಞಾನಿಗಳು ಅವನ ಮನೆ ಬಾಗಿಲಿಗೆ ಹೋಗಿ ಕೇಳಲೇಬೇಕು.

3. ಸದ್ದು ಆಲಿಸುವುದು: ತೇವದ ಇಳಿಜಾರಿನಲ್ಲಿ ಹೆಜ್ಜೆಯನ್ನು ಜೋರಾಗಿ ಊರಿ ನಡೆದರೆ, ಕೆಳಗಿರುವ ಹುಳು ಬೆದರಿ ಬಿಲದೊಳಗೆ ಹಿಂದೆ ಸರಿಯುತ್ತದೆ. ಬಿಲದಲ್ಲಿ ನೀರು ಇರುವುದರಿಂದ, ಕಿರಿದಾದ ಬಾಯಿಯ ಕೊಡವನ್ನು ಬಗ್ಗಿಸಿದಾಗ ಬರುವಂತಹ ಗುಳುಗುಳು ಸದ್ದು ನೆಲದಡಿಯಿಂದ ಕೇಳಿಸುತ್ತದೆ. ಸದ್ದು ಕೇಳಿದರೆ ಹುಳು ಇದೆ ಎಂದೇ ಅರ್ಥ. ಸದ್ದು ಕೇಳದಿದ್ದರೆ ಹುಳು ಇಲ್ಲ ಎಂದು ತೀರ್ಮಾನಿಸುವಂತಿಲ್ಲ.

4. ಬಿಲ ಹುಡುಕುವುದು: ಸದ್ದಿನಿಂದ ಖಚಿತವಾಗದಿದ್ದರೆ ಮಾತ್ರ ಅನುಭವಿಗಳು ಸಣ್ಣ ಗುಳಿಗಳನ್ನು ಪದರ ಪದರವಾಗಿ, ಕೈಯಿಂದಲೇ ತೆಗೆಯುತ್ತಾರೆ. ಹುಳುವೇ ಸಿಗಬೇಕಾಗಿಲ್ಲ; ಎರಡು ಸೆಂಟಿಮೀಟರ್ ಅಗಲದ ನುಣುಪಾದ ಒದ್ದೆ ಬಿಲ, ಅದರೊಳಗೆ ಹಿಕ್ಕೆ ಅಥವಾ ಮೊಟ್ಟೆಕೋಶ ಸಿಕ್ಕರೆ ಸಾಕು. ಅದೇ ಜೌಗಿನಲ್ಲಿ ಬಿಲ ತೋಡುವ ಸಿಗಡಿ ಜಾತಿಯ ಪ್ರಾಣಿಯೂ ಇದೆ. ಅದು ಬಿಲದ ಬಾಯಲ್ಲಿ ಮಣ್ಣಿನ ಗೋಪುರ ಕಟ್ಟುತ್ತದೆ, ಎರೆಹುಳು ಕಟ್ಟುವುದಿಲ್ಲ. ಈ ವ್ಯತ್ಯಾಸ ತಿಳಿದಿರಬೇಕು. ನೋಡಿದ ಮೇಲೆ ಹೆಂಟೆಗಳನ್ನು ತೆಗೆದ ಕ್ರಮದಲ್ಲೇ ಇಟ್ಟು ಗುಳಿ ಮುಚ್ಚುತ್ತಾರೆ.

ಡಾ. ಬೆವರ್ಲಿ ವ್ಯಾನ್ ಪ್ರಾಗ್ ಎಂಬ ವಿಜ್ಞಾನಿ ಹಲವು ದಶಕಗಳಿಂದ ಈ ಹುಳುವಿನ ಅಧ್ಯಯನದಲ್ಲಿ ತೊಡಗಿದ್ದಾರೆ. ಇದರ ಬಿಲ, ಮೊಟ್ಟೆ, ಬೆಳವಣಿಗೆ ಹಾಗೂ ನೆಲೆಗಳ ಬಗ್ಗೆ ಇಂದು ತಿಳಿದಿರುವ ಸಂಗತಿಗಳಲ್ಲಿ ಬಹುಪಾಲು ಅವರ ಮತ್ತು ಅವರ ಸಂಗಡಿಗರ ಶ್ರಮದ ಫಲ.

ಅಪಾಯ ಬರುವುದು ಎಲ್ಲಿಂದ?

ಹಸು ಮೇಯುವುದರಿಂದ ಈ ಹುಳುವಿಗೆ ಅಷ್ಟಾಗಿ ತೊಂದರೆ ಇಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಹಸುಗಳ ಕಾಲಡಿಯಲ್ಲೇ ಬದುಕಿ ಬಂದಿರುವುದೇ ಇದಕ್ಕೆ ಸಾಕ್ಷಿ. ತೊಂದರೆ ಬರುವುದು ಮಣ್ಣನ್ನು ಕದಲಿಸಿದಾಗ ಮತ್ತು ನೀರಿನ ದಾರಿ ಬದಲಿಸಿದಾಗ.

ಆಳವಾಗಿ ಉಳುಮೆ ಮಾಡಿದರೆ ಗೇಣು ಆಳದಲ್ಲಿರುವ ಮೊಟ್ಟೆಕೋಶಗಳು ಒಡೆಯುತ್ತವೆ. ಇಳಿಜಾರಿನ ಮೇಲ್ಭಾಗದಲ್ಲಿ ಹೊಂಡ ಕಟ್ಟಿದರೆ ಕೆಳಗಿನ ಒರತೆ ಬತ್ತುತ್ತದೆ. ಜೌಗು ಒಣಗಿಸಲೆಂದು ಕಾಲುವೆ ಕಡಿದರೆ ಬಿಲಗಳು ಒಣಗುತ್ತವೆ. ರಸ್ತೆ ಮಾಡುವಾಗ, ಕೊಳವೆ ಹೂಳುವಾಗ, ಮನೆ ನಿವೇಶನಕ್ಕೆಂದು ಗುಡ್ಡ ಕಡಿಯುವಾಗಲೂ ಇದೇ ಕಥೆ. ಹಾಲು ಕರೆಯುವ ಮನೆ ತೊಳೆದ ನೀರು, ಸಗಣಿ ಗಂಜಲದ ಬಗ್ಗಡ ಒಂದೇ ಕಡೆ ಹರಿದು ನಿಂತರೆ ಅದೂ ಹುಳುವಿಗೆ ಮಾರಕ. ಹಳ್ಳದ ದಡ ದನಗಳ ತುಳಿತಕ್ಕೆ ಕುಸಿದರೆ ಬಿಲಗಳೂ ಅದರೊಂದಿಗೆ ಕುಸಿಯುತ್ತವೆ.

ಇಲ್ಲಿ ಸದಸ್ಯರು ಗಮನಿಸಬೇಕಾದ ಒಂದು ವಿಶೇಷ ಅಂಶವಿದೆ. ಮರ ನೆಡುವುದು ಒಳ್ಳೆಯ ಕೆಲಸ ಎಂದು ನಾವೆಲ್ಲ ಒಪ್ಪುತ್ತೇವೆ. ಗಿಪ್ಸ್‌ಲ್ಯಾಂಡಿನ ರೈತರೂ ಮಣ್ಣು ಕೊಚ್ಚಿಹೋಗದಂತೆ ಹಳ್ಳದ ದಡದಲ್ಲಿ ಮರ ನೆಡುತ್ತಾರೆ. ಆದರೆ ಹುಳು ಇರುವ ಜಾಗದ ಮೇಲೆಯೇ ಒತ್ತಾಗಿ ಮರ ನೆಟ್ಟರೆ, ಬೆಳೆಯುವ ಮರಗಳು ನೆಲದ ತೇವವನ್ನು ಹೀರಿ ಬಿಲಗಳನ್ನು ಒಣಗಿಸುತ್ತವೆ. ಮಣ್ಣು ಉಳಿಸಲು ಮಾಡಿದ ಕೆಲಸ ಮಣ್ಣಿನ ಜೀವಿಗೆ ಮುಳುವಾಗುತ್ತದೆ. ಹಾಗೆಂದು ಮರ ನೆಡಬಾರದು ಎಂದಲ್ಲ; ಮೊದಲು ಹುಳು ಎಲ್ಲಿದೆ ಎಂದು ತಿಳಿದು, ಅದಕ್ಕೆ ತಕ್ಕಂತೆ ಎಲ್ಲಿ, ಯಾವ ಗಿಡ, ಎಷ್ಟು ಅಂತರದಲ್ಲಿ ಎಂದು ನಿರ್ಧರಿಸಬೇಕು. ಸಮೀಕ್ಷೆಯ ನಿಜವಾದ ಪ್ರಯೋಜನ ಇದೇ. ಹುಳುವಿನ ಸಂಖ್ಯೆ ತಿಳಿಯುವುದಕ್ಕಿಂತಲೂ ಅದರ ಜಾಗ ತಿಳಿಯುವುದು ಮುಖ್ಯ.

ಉಳಿಸುವ ಪ್ರಯತ್ನ

ವಿಕ್ಟೋರಿಯಾ ರಾಜ್ಯದ 1988ರ ಸಸ್ಯ ಹಾಗೂ ಪ್ರಾಣಿ ರಕ್ಷಣಾ ಕಾಯಿದೆಯಡಿ ಈ ಹುಳುವನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಆಸ್ಟ್ರೇಲಿಯಾ ಕೇಂದ್ರ ಸರ್ಕಾರದ 1999ರ ಪರಿಸರ ಕಾಯಿದೆಯ ಪಟ್ಟಿಯಲ್ಲಿಯೂ ಇದು ಇದೆ. 2010ರಲ್ಲಿ ಇದರ ಉಳಿವಿಗಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಸಿದ್ಧಪಡಿಸಲಾಯಿತು. ರಸ್ತೆ ಕಾಮಗಾರಿಯ ದಾರಿಗೆ ಅಡ್ಡ ಬಂದ ಹುಳುಗಳನ್ನು ಕೈಯಿಂದ ಅಗೆದು ತೆಗೆದು, ಬೇರೆ ತೇವದ ನೆಲಕ್ಕೆ ಸಾಗಿಸಿದ ಪ್ರಯತ್ನವೂ ನಡೆದಿದೆ. ಇದು ಬಹಳ ಶ್ರಮದ, ಖರ್ಚಿನ ಕೆಲಸ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಕೈಗೊಳ್ಳತಕ್ಕದ್ದು.

ಆದರೆ ಹುಳು ಇರುವ ನೆಲದ ಬಹುಪಾಲು ಖಾಸಗಿ ಜಮೀನು. ಕಾಯಿದೆಯ ಪುಸ್ತಕ ಹಿಡಿದು ಪ್ರತಿಯೊಂದು ಹುಲ್ಲುಗಾವಲನ್ನೂ ಕಾಯಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ತನ್ನ ಜಮೀನಿನಲ್ಲಿ ಹುಳು ಇದೆ ಎಂದು ಗೊತ್ತಾದರೆ ಎಲ್ಲಿ ಕೃಷಿಗೆ ಅಡ್ಡಿಯಾಗುವುದೋ ಎಂಬ ಆತಂಕ ರೈತನಿಗೆ ಬರುವುದು ಸಹಜ. ಹೆದರಿಸಿದರೆ ಅವನು ಹೇಳದೆ ಸುಮ್ಮನಾಗುತ್ತಾನೆ, ಹುಳು ಸದ್ದಿಲ್ಲದೆ ಅಳಿಯುತ್ತದೆ. ವಿಶ್ವಾಸಕ್ಕೆ ತೆಗೆದುಕೊಂಡರೆ ಅವನೇ ಕಾವಲುಗಾರನಾಗುತ್ತಾನೆ. ವಿಕ್ಟೋರಿಯಾದಲ್ಲಿ 1986ರಲ್ಲಿ ಆರಂಭವಾದ ಲ್ಯಾಂಡ್‌ಕೇರ್ ಎಂಬ ರೈತ ಗುಂಪುಗಳ ಚಳವಳಿ, ನೆಲದ ರಕ್ಷಣೆಯನ್ನು ಅಕ್ಕಪಕ್ಕದ ಜಮೀನಿನವರು ಕೂಡಿ ಮಾಡುವ ಕೆಲಸವನ್ನಾಗಿ ಮಾಡಿತು. ನಮ್ಮ ಸಹಕಾರಿ ತತ್ವಕ್ಕೆ ಇದು ಹತ್ತಿರವಾದುದು.

ರೈತನಿಂದ ಅಪೇಕ್ಷಿಸುವುದು ದೊಡ್ಡ ತ್ಯಾಗವನ್ನೇನೂ ಅಲ್ಲ. ಹುಳು ಇರುವ ತುಂಡು ನೆಲವನ್ನು ಉಳದೆ ಹುಲ್ಲಿಗೇ ಬಿಡುವುದು, ಹೊಸ ಹೊಂಡವನ್ನೋ ಗಾಡಿ ದಾರಿಯನ್ನೋ ಕೆಲವು ಗಜ ಪಕ್ಕಕ್ಕೆ ಸರಿಸುವುದು, ಒರತೆಯ ನೀರನ್ನು ತಿರುಗಿಸದಿರುವುದು, ಹಳ್ಳದ ದಡಕ್ಕೆ ಬೇಲಿ ಹಾಕಿ ದನಗಳಿಗೆ ತೊಟ್ಟಿಯಲ್ಲಿ ನೀರು ಕೊಡುವುದು, ಬಗ್ಗಡವನ್ನು ಬೇರೆ ಕಡೆ ಹರಡುವುದು, ಇಷ್ಟೇ. ದನಗಳಿಗೆ ಶುದ್ಧ ನೀರು ಸಿಕ್ಕರೆ, ದಡ ಕುಸಿಯದಿದ್ದರೆ ಲಾಭ ರೈತನಿಗೂ ಇದೆ.

ನಮ್ಮ ನೆಲಕ್ಕೆ ಅನ್ವಯ

ನಮ್ಮಲ್ಲಿ ಎರೆಗೊಬ್ಬರ ತಯಾರಿಕೆ ಹಲವು ಸದಸ್ಯರ ಕೊಟ್ಟಿಗೆಯ ಪಕ್ಕದಲ್ಲೇ ನಡೆಯುತ್ತಿದೆ. ತೊಟ್ಟಿಗಳಲ್ಲಿ ಹೆಚ್ಚಾಗಿ ಬಿಡುವ ಯೂಡ್ರಿಲಸ್ ಯೂಜೀನಿಯೆ ಆಫ್ರಿಕಾ ಮೂಲದ್ದು, ಐಸೀನಿಯಾ ಫೆಟಿಡಾ ಯುರೋಪ್ ಮೂಲದ್ದು. ಇವು ಸಗಣಿ, ಕಸಕಡ್ಡಿಗಳನ್ನು ತಿಂದು ಗೊಬ್ಬರ ಮಾಡುವುದರಲ್ಲಿ ನಿಪುಣ. ಆದರೆ ಹೊಲದ ಮಣ್ಣನ್ನೇ ತಿಂದು, ಆಳಕ್ಕೆ ಬಿಲ ತೋಡಿ, ಮಳೆ ನೀರನ್ನು ಒಳಕ್ಕೆ ಇಳಿಸುವ ಕೆಲಸ ಇವುಗಳದ್ದಲ್ಲ. ಆ ಕೆಲಸ ಮಾಡುವುದು ಲ್ಯಾಂಪಿಟೊ, ಡ್ರಾವಿಡಾ ಮುಂತಾದ ನಮ್ಮದೇ ನೆಲದ ಹುಳುಗಳು. ತೊಟ್ಟಿಯಲ್ಲಿ ಹುಳು ತುಂಬಿದೆ ಎಂದ ಮಾತ್ರಕ್ಕೆ ಹೊಲದಲ್ಲಿ ಹುಳು ಇದೆ ಎಂದು ಭಾವಿಸಬಾರದು. ಮೊದಲನೆಯದನ್ನು ಕಿಲೋ ಲೆಕ್ಕದಲ್ಲಿ ಕೊಂಡು ತರಬಹುದು, ಎರಡನೆಯದನ್ನು ಇದ್ದಲ್ಲೇ ಉಳಿಸಿಕೊಳ್ಳಬೇಕು.

ನಿಮ್ಮ ಹೊಲದಲ್ಲಿ ಏನಿದೆ ಎಂದು ನೀವೇ ನೋಡಬಹುದು. ಮಳೆಗಾಲದಲ್ಲಿ ನೆಲ ಹದವಾಗಿ ನೆನೆದಿರುವಾಗ, ಬೆಳಗಿನ ಹೊತ್ತು, ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಳಿ ತೆಗೆಯಿರಿ. ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ, ಕೈಯಿಂದ ಹೆಂಟೆ ಒಡೆದು ಹುಳುಗಳನ್ನು ಎಣಿಸಿ, ಮತ್ತೆ ಮಣ್ಣಿನ ಜೊತೆ ಗುಳಿಗೇ ಹಾಕಿರಿ. ಹಸಿಮೇವು ಬೆಳೆದ ಜಾಗ, ಉತ್ತ ಜಾಗ, ಬದು, ಕೊಟ್ಟಿಗೆ ನೀರು ಹರಿಯುವ ಜಾಗ, ಹೀಗೆ ನಾಲ್ಕು ಕಡೆ ನೋಡಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಜಾಗಗಳ ಪಕ್ಕದಲ್ಲಿ ಮತ್ತೆ ನೋಡಿ. ಏರಿದೆಯೋ ಇಳಿದಿದೆಯೋ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.

ಸದಸ್ಯರ ಗಮನಕ್ಕೆ:

* ಜಮೀನಿನಲ್ಲಿ ಒರತೆ, ಜೌಗು, ಹಳ್ಳದ ದಡ ಇದ್ದರೆ ಒಂದಿಷ್ಟು ಜಾಗವನ್ನು ಉಳದೆ ಹುಲ್ಲಿಗೆ ಬಿಡಿ. ಮೇವೂ ಸಿಗುತ್ತದೆ, ಮಣ್ಣಿನ ಜೀವಿಗಳಿಗೆ ಬೇಸಿಗೆಯ ಆಸರೆಯೂ ಆಗುತ್ತದೆ.

* ಕೊಟ್ಟಿಗೆ ತೊಳೆದ ನೀರು ವರ್ಷವಿಡೀ ಒಂದೇ ಕಡೆ ನಿಲ್ಲದಂತೆ, ಮೇವಿನ ಬೆಳೆಗೆ ಸರದಿಯಂತೆ ಹರಿಸಿ. ಫಿನಾಯಿಲ್ ಬೆರೆತ ನೀರನ್ನು ಹೊಲಕ್ಕೆ ಬಿಡಬೇಡಿ.

* ಹರಳು ಕೀಟನಾಶಕಗಳನ್ನು ಮಣ್ಣಿಗೆ ಸೇರಿಸುವ ಮುನ್ನ ಕೃಷಿ ಅಧಿಕಾರಿಗಳ ಸಲಹೆ ಪಡೆಯಿರಿ. ಮಣ್ಣಿನ ಹುಳುವಿಗೂ ವಿಷ ತಗಲುತ್ತದೆ.

* ಕೃಷಿ ಹೊಂಡ, ಕಾಲುವೆ, ಗಾಡಿ ದಾರಿ ಮಾಡಿಸುವ ಮೊದಲು ನೆಲವನ್ನು ಒಮ್ಮೆ ಅಗೆದು ನೋಡಿ. ಯಂತ್ರ ಬಂದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

* ಮಲೆನಾಡು, ಘಟ್ಟದ ಅಂಚಿನ ಸದಸ್ಯರು ಅಸಾಮಾನ್ಯ ಗಾತ್ರದ ಎರೆಹುಳು ಕಂಡರೆ ಕೊಲ್ಲದೆ, ಕಂಡ ಜಾಗ ಮತ್ತು ದಿನವನ್ನು ಗುರುತು ಮಾಡಿಕೊಂಡು, ಹತ್ತಿರದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ತಿಳಿಸಿ. ಪಶ್ಚಿಮ ಘಟ್ಟಗಳಲ್ಲಿ ಬೇರೆಲ್ಲೂ ಇಲ್ಲದ ಎರೆಹುಳು ಜಾತಿಗಳು ಹಲವಿವೆ.

ಗಿಪ್ಸ್‌ಲ್ಯಾಂಡಿನ ಹೈನುಗಾರ ಹಾಲು ಕರೆಯುವುದನ್ನು ನಿಲ್ಲಿಸಿ ಹುಳುವನ್ನು ಉಳಿಸಬೇಕಾಗಿಲ್ಲ. ತನ್ನ ನೆಲದ ಯಾವ ಮೂಲೆಯಲ್ಲಿ ಅದು ಇದೆ ಎಂದು ತಿಳಿದುಕೊಂಡು, ಆ ಮೂಲೆಯಲ್ಲಿ ಗುದ್ದಲಿ ಹಾಕುವ ಮೊದಲು ಒಂದು ಕ್ಷಣ ಯೋಚಿಸಿದರೆ ಸಾಕು. ಹಸು ಮೇಲೆ ಹುಲ್ಲು ಮೇಯುತ್ತಿರುತ್ತದೆ, ಹುಳು ಕೆಳಗೆ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಈ ಮಳೆಗಾಲದಲ್ಲಿ ನಮ್ಮ ಸದಸ್ಯರೂ ತಮ್ಮ ತಮ್ಮ ಹೊಲಗಳಲ್ಲಿ ಒಂದು ಅಡಿ ಗುಳಿ ತೆಗೆದು ನೋಡಿ, ಎಣಿಕೆಯನ್ನು ಸಂಘದ ಸಭೆಯಲ್ಲಿ ಪರಸ್ಪರ ಹಂಚಿಕೊಳ್ಳಬೇಕೆಂದು ಕೋರುತ್ತೇವೆ.